ರೈತ ದಂಪತಿಗಳ ವಿಶ್ರಾಂತಿವೇತನ: ಕೇಳತಕ್ಕ ಕಾಲ ಯಾವುದು?

(ಮಾರೇನಹಳ್ಳಿಯಲ್ಲಿ ವಾಸವಾಗಿರುವ ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

ಸರ್ಕಾರಿ ನೌಕರನು ಇಂತಹ ದಿನ ಕೆಲಸ ಬಿಡತಕ್ಕದ್ದೆಂದು ಕಟ್ಟಳೆಯುಂಟು. ನಮ್ಮ ರಾಜ್ಯದಲ್ಲಿ ಅರವತ್ತು ವರ್ಷ ತುಂಬಿದೊಡನೆ ಅವನು ಕಚೇರಿಯ ಮೆಟ್ಟಿಲಿಳಿದು ಮನೆಗೆ ಬರುತ್ತಾನೆ. ಬೇಸಾಯಗಾರನಿಗೆ ಅಂತಹ ದಿನವೆಂಬುದಿಲ್ಲ. ಮೇಳಿ ಹಿಡಿಯುವ ಕೈಯಲ್ಲಿ ಕಸುವಿರುವವರೆಗೂ ಅವನು ಉಳುವನು. ಕಸುವು ಕುಂದಿದ ದಿನವೇ ಅವನ ನಿವೃತ್ತಿಯ ದಿನ. ಅವನ ಹೆಂಡತಿಗಾದರೋ ಆ ದಿನವೂ ಇಲ್ಲ. ಹೊಲದ ಕಳೆ ತೆಗೆಯಲಾರದ ಮುದುಕಿಯು ಕೊಟ್ಟಿಗೆಯ ಸಗಣಿ ಬಾಚುವುದನ್ನೂ ಮೊಮ್ಮಕ್ಕಳಿಗೆ ಹಿಟ್ಟು ಬೇಯಿಸುವುದನ್ನೂ ಬಿಟ್ಟಿರುವ ಮನೆಯನ್ನು ನಾನು ಕಂಡಿಲ್ಲ. ಇದು ಹೀಗಿರಲಾಗಿ, ಈ ದಂಪತಿಗಳ ಮುಪ್ಪಿನ ಕಾಲಕ್ಕೆಂದು ಸರ್ಕಾರವು ಏರ್ಪಡಿಸಿರುವ ಅನುಕೂಲಗಳನ್ನು ಯಾರು, ಯಾವಾಗ, ಯಾರ ಹೆಸರಿನಲ್ಲಿ ಕೇಳಿಕೊಳ್ಳಬೇಕೆಂಬುದನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಸ್ವಲ್ಪ ಆಲೋಚಿಸಬೇಕೆಂದು ಈ ಲೇಖನದ ಉದ್ದೇಶ.

ಹಿಂದಿನವರಿಗೆ ಭೂಮಿಯೇ ವಿಶ್ರಾಂತಿವೇತನವಾಗಿದ್ದಿತು. ಮೈಯಲ್ಲಿ ಶಕ್ತಿ ಉಡುಗಿದ ಮೇಲೆ ಯಜಮಾನನು ಹೊಲವನ್ನು ಮಕ್ಕಳ ಕೈಗೆ ಕೊಡುವನು. ಇಲ್ಲವೆ ವಾರಕ್ಕೋ ಗುತ್ತಿಗೆಗೋ ಬಿಡುವನು. ಕಣದಿಂದ ಬಂದ ರಾಗಿಯಲ್ಲಿ ಮುದುಕ ಮುದುಕಿಯರ ಪಾಲು ಮೊದಲು ಹಗೇವಿಗೆ ಬೀಳುವುದು. ನಾನು ವಾಸವಾಗಿರುವ ಮಾರೇನಹಳ್ಳಿಗೆ ಇಂದಿಗೂ ಹಳ್ಳಿಯೆಂಬ ಹೆಸರು ಉಳಿದಿದೆ. ಆದರೆ ಅದು ಬೆಂಗಳೂರಿನ ವಿಜಯನಗರದ ಬೀದಿಗಳ ನಡುವೆ ಸೇರಿಹೋಗಿದೆ. ಉಳುವ ನೆಲವಿಲ್ಲದ ಹಳ್ಳಿಯಲ್ಲಿ ಭೂಮಿಯು ಯಾರಿಗೆ ತಾನೆ ಮುಪ್ಪಿನ ಊರುಗೋಲಾದೀತು? ಈಗ ಕೆಂಗೇರಿಯಿಂದಾಚೆ ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವಣ ಗ್ರಾಮಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕೆಂಪೇಗೌಡ ಬಡಾವಣೆಯು ಹಬ್ಬುತ್ತಿರುವುದನ್ನು ನೋಡಿದರೆ, ಮಾರೇನಹಳ್ಳಿಗೆ ಆದುದೇ ಅವುಗಳಿಗೂ ಆಗುತ್ತಿದೆಯೆಂದು ತಿಳಿಯುತ್ತದೆ. ನಗರದಿಂದ ದೂರವಾದ ಊರುಗಳಲ್ಲಿಯೂ ಐದು ಎಕರೆಯ ಹಿಡುವಳಿಯು ಮೂವರು ಮಕ್ಕಳಲ್ಲಿ ಹಂಚಿದರೆ ಮುದುಕರ ಪಾಲಿಗೆ ಎಷ್ಟು ಉಳಿಯುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಸರ್ಕಾರದ ಯೋಜನೆಗಳ ವಿಚಾರವನ್ನು ಉದಾಸೀನ ಮಾಡತಕ್ಕದ್ದಲ್ಲ. ಇವುಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು, ಪ್ರಾಯದಲ್ಲಿ ವಂತಿಗೆ ಕಟ್ಟಿ ಮುಪ್ಪಿನಲ್ಲಿ ಪಡೆಯುವುದು. ಎರಡನೆಯದು, ವಂತಿಗೆಯಿಲ್ಲದೆ ಬಡತನವನ್ನೂ ವಯಸ್ಸನ್ನೂ ನೋಡಿ ಸರ್ಕಾರವೇ ಕೊಡುವುದು. ಮೊದಲನೆಯದಕ್ಕೆ ಬಾಗಿಲು ನಲವತ್ತನೆಯ ವಯಸ್ಸಿಗೆ ಮುಚ್ಚುವುದು. ಎರಡನೆಯದಕ್ಕೆ ಬಾಗಿಲು ಅರವತ್ತು ಅರವತ್ತೈದಕ್ಕೆ ತೆರೆಯುವುದು. ನಮ್ಮ ರೈತರು ಸಾಮಾನ್ಯವಾಗಿ ಮೊದಲನೆಯ ಬಾಗಿಲು ಮುಚ್ಚಿದ ಮೇಲೆ ಬರುತ್ತಾರೆ. ಎರಡನೆಯ ಬಾಗಿಲು ತೆರೆದು ನಾಲ್ಕೈದು ವರ್ಷಗಳಾದ ಮೇಲೆ ಬರುತ್ತಾರೆ. ಎರಡರಲ್ಲಿಯೂ ಹೆಂಗಸರ ಹೆಸರನ್ನು ಮರೆತು ಬರುತ್ತಾರೆ.

ಮೊದಲನೆಯ ಬಗೆಗೆ ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆಯು ಉದಾಹರಣೆ. ಇದು 2019ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಎರಡು ಹೆಕ್ಟೇರಿಗೆ, ಅಂದರೆ ಸುಮಾರು ಐದು ಎಕರೆಗೆ ಮೀರದ ಸಾಗುವಳಿ ಭೂಮಿಯುಳ್ಳ, 18ರಿಂದ 40 ವರ್ಷದೊಳಗಿನ ರೈತರು ಇದಕ್ಕೆ ಸೇರಬಹುದು. ಸೇರುವಾಗ ಇರುವ ವಯಸ್ಸಿಗನುಸಾರವಾಗಿ ತಿಂಗಳಿಗೆ 55 ರೂಪಾಯಿಯಿಂದ 200 ರೂಪಾಯಿಯವರೆಗೆ ವಂತಿಗೆ ಕಟ್ಟಬೇಕು. ಅಷ್ಟೇ ಹಣವನ್ನು ಕೇಂದ್ರ ಸರ್ಕಾರವೂ ಕಟ್ಟುವುದು. ಅರವತ್ತು ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಬರುವುದು. ಆದಾಯ ತೆರಿಗೆ ಕಟ್ಟುವವರೂ ಭವಿಷ್ಯನಿಧಿ ಮೊದಲಾದ ಬೇರೆ ಶಾಸನಬದ್ಧ ಯೋಜನೆಗಳಲ್ಲಿ ಇರುವವರೂ ಇದಕ್ಕೆ ಸಲ್ಲರು.

ಈಗ ಲೆಕ್ಕವನ್ನು ನೋಡೋಣ. ಇಪ್ಪತ್ತನೆಯ ವಯಸ್ಸಿನಲ್ಲಿ ಸೇರಿದವನು ತಿಂಗಳಿಗೆ 61 ರೂಪಾಯಿಯಂತೆ ನಲವತ್ತು ವರ್ಷಗಳಲ್ಲಿ 29,280 ರೂಪಾಯಿ ಕಟ್ಟುವನು. ಮೂವತ್ತರಲ್ಲಿ ಸೇರಿದವನು 105 ರೂಪಾಯಿಯಂತೆ ಮೂವತ್ತು ವರ್ಷಗಳಲ್ಲಿ 37,800 ರೂಪಾಯಿ ಕಟ್ಟುವನು. ನಲವತ್ತರಲ್ಲಿ ಸೇರಿದವನು 200 ರೂಪಾಯಿಯಂತೆ ಇಪ್ಪತ್ತೇ ವರ್ಷ ಕಟ್ಟಿದರೂ ಮೊತ್ತವು 48,000 ರೂಪಾಯಿ ಆಗುವುದು. ಬರುವ ವೇತನವು ಮೂವರಿಗೂ ಒಂದೇ. ಹದ ತಪ್ಪಿ ಬಿತ್ತಿದವನಿಗೆ ಬೀಜವೂ ಹೆಚ್ಚು ಹಿಡಿಯುವುದೆಂಬುದನ್ನು ರೈತರಿಗೆ ನಾನು ಕಲಿಸಬೇಕಾಗಿಲ್ಲ.

ಇನ್ನು ಹೆಂಡತಿಯ ವಿಚಾರ. ಈ ಯೋಜನೆಯಲ್ಲಿ ವೇತನ ಪಡೆಯುತ್ತಿದ್ದ ಗಂಡನು ತೀರಿಹೋದರೆ ಹೆಂಡತಿಗೆ ಅದರ ಅರ್ಧ, ಅಂದರೆ 1,500 ರೂಪಾಯಿ, ಕುಟುಂಬ ವೇತನವಾಗಿ ಬರುವುದು. ಇಷ್ಟನ್ನು ಕೇಳಿ ಅನೇಕ ಯಜಮಾನರು ತೃಪ್ತರಾಗಿಬಿಡುವರು. ಆದರೆ ಹೆಂಡತಿಯೂ ಬೇರೆಯಾಗಿ ವಂತಿಗೆ ಕಟ್ಟಿ ಸೇರಬಹುದೆಂಬ ನಿಯಮವನ್ನು ಅವರು ಗಮನಿಸುವುದಿಲ್ಲ. ಗಂಡನೊಬ್ಬನೇ ಸೇರಿದ ಮನೆಗೆ ಇಬ್ಬರೂ ಬದುಕಿರುವಾಗ 3,000, ಗಂಡನ ನಂತರ 1,500. ಇಬ್ಬರೂ ಸೇರಿದ ಮನೆಗೆ ಇಬ್ಬರಿಗೂ ಅರವತ್ತು ತುಂಬಿದ ಮೇಲೆ 6,000, ಗಂಡನ ನಂತರ ಹೆಂಡತಿಯ ಸ್ವಂತ 3,000. ಸ್ವಂತ ವೇತನವಿರುವವಳಿಗೆ ಅರ್ಧದ ಕುಟುಂಬ ವೇತನವು ಮೇಲಾಗಿ ಸೇರುವುದಿಲ್ಲವೆಂಬುದು ನಿಜ. ಆದರೂ ಒಂಟಿ ಮುದುಕಿಯ ಕೈಗೆ ಬರುವ ಹಣವು ಇಮ್ಮಡಿಯಾಗುವುದು. ನಮ್ಮಲ್ಲಿ ಹೆಂಡತಿಯು ಗಂಡನಿಗಿಂತ ನಾಲ್ಕಾರು ವರ್ಷ ಚಿಕ್ಕವಳಾಗಿರುವುದು ವಾಡಿಕೆ. ಆದುದರಿಂದ ಕೊನೆಯ ಒಂಟಿ ವರ್ಷಗಳು ಬಹಳ ಮಟ್ಟಿಗೆ ಅವಳ ಪಾಲಿಗೇ ಬರುವುವು. ದಂಪತಿಗಳ ವಿಶ್ರಾಂತಿವೇತನದ ಲೆಕ್ಕವನ್ನು ಇಬ್ಬರೂ ಕೂಡಿ ಬಾಳುವ ದಿನಗಳಿಗಲ್ಲ, ಹಿಂದುಳಿದವರೊಬ್ಬರು ಬಾಳುವ ದಿನಗಳಿಗೆ ಹಾಕತಕ್ಕದ್ದೆಂಬುದೇ ನನ್ನ ಅಭಿಪ್ರಾಯದ ಸಾರ.

ಇದನ್ನು ನಾನು ತಡವಾಗಿ ಕಲಿತೆನೆಂದು ಒಪ್ಪಿಕೊಳ್ಳಬೇಕಾಗಿದೆ. 2019ರಲ್ಲಿ ಕೆಂಗೇರಿಯಾಚೆಯ ಒಂದು ಗ್ರಾಮದಲ್ಲಿ ಹೆಸರು ನೋಂದಾಯಿಸುವ ದಿನ ನಾನೂ ಅಲ್ಲಿದ್ದೆನು. ಮೂರು ಎಕರೆ ಖುಷ್ಕಿಯ ರೈತನೊಬ್ಬನು ತನ್ನ ಕಾಗದಪತ್ರಗಳನ್ನು ಕೊಟ್ಟು ಹೆಸರು ಬರೆಸಿದನು. ಆ ಕಾಗದಗಳ ಚೀಲವನ್ನು ಹಿಡಿದುಕೊಂಡು ಅವನ ಹೆಂಡತಿಯು ಪಕ್ಕದಲ್ಲಿಯೇ ನಿಂತಿದ್ದಳು. "ಸ್ವಾಮಿ, ನನ್ನ ಹೆಸರೂ ಬರೆಸಬೈದಾ?" ಎಂದು ಆಕೆ ಕೇಳಿದಳು. ಊರಿನ ಹಿರಿಯರೊಬ್ಬರು, "ಮನೆಗೊಂದು ಸಾಕು ಬಿಡಮ್ಮ, ಎರಡೆರಡು ಕಂತು ಯಾರು ಕಟ್ಟಾರು?" ಎಂದರು. ಸುತ್ತಲಿದ್ದವರು ನಕ್ಕರು. ನಿಯಮವು ನನಗೆ ತಿಳಿದಿದ್ದಿತು. ಹಿರಿಯರ ಮಾತಿಗೆ ಎದುರಾಡುವುದೇಕೆಂದು ಸುಮ್ಮನಿದ್ದೆನು. ಎರಡು ವರ್ಷಗಳ ಮೇಲೆ ಆಕೆಯೇ ನನ್ನನ್ನು ಹುಡುಕಿಕೊಂಡು ಬಂದಳು. ತಾಯಿ ಹೇಳುತ್ತಿದ್ದ ಲೆಕ್ಕದಲ್ಲಿ ಆಕೆಗೆ ಆಗ ಮೂವತ್ತೊಂಬತ್ತು. ಆಧಾರ್ ಚೀಟಿಯಲ್ಲಿ ಯಾರೋ ಅಂದಾಜಿನಿಂದ ಬರೆಸಿದ್ದ ಜನ್ಮವರ್ಷದ ಪ್ರಕಾರ ನಲವತ್ತೊಂದು. ಗಣಕಯಂತ್ರವು ಚೀಟಿಯನ್ನು ನಂಬುವುದೇ ಹೊರತು ತಾಯಿಯ ಮಾತನ್ನು ನಂಬುವುದಿಲ್ಲ. ಆಕೆ ನಾಲ್ಕನೆಯ ತರಗತಿಯವರೆಗೆ ಓದಿದವಳು. ಶಾಲೆಯ ದಾಖಲೆಯನ್ನು ಮೊದಲೇ ತೆಗೆಸಿ ತಿದ್ದಿಸಿದ್ದರೆ ಆಗುತ್ತಿದ್ದಿತು. ನಾನು ಅಂದು ಒಂದು ಮಾತು ಆಡಿದ್ದರೆ ತಿದ್ದುವ ಪ್ರಮೇಯವೇ ಬರುತ್ತಿರಲಿಲ್ಲ. ಆಕೆ ನನ್ನನ್ನು ಬೈಯಲಿಲ್ಲ. "ಆಗಲಿ ಬಿಡಿ ಸ್ವಾಮಿ" ಎಂದು ಚೀಲವನ್ನು ಮಡಿಸಿಕೊಂಡು ಹೋದಳು.

ಎರಡು ಕಂತು ಯಾರು ಕಟ್ಟಾರು ಎಂಬ ಆ ಪ್ರಶ್ನೆಗೆ ಉತ್ತರವನ್ನು ಇಲ್ಲಿಯಾದರೂ ಹೇಳುತ್ತೇನೆ. ಗಂಡಹೆಂಡಿರಿಬ್ಬರೂ ನಲವತ್ತನೆಯ ವಯಸ್ಸಿನಲ್ಲಿಯೇ ಸೇರಿದರೆಂದು ಇಟ್ಟುಕೊಳ್ಳಿ. ಅದೇ ಅತ್ಯಂತ ಹೆಚ್ಚಿನ ವಂತಿಗೆ. ಇಬ್ಬರದೂ ಕೂಡಿ ವರ್ಷಕ್ಕೆ 4,800 ರೂಪಾಯಿ. ಪಿ.ಎಂ. ಕಿಸಾನ್ ಯೋಜನೆಯಿಂದ ಒಂದು ರೈತ ಕುಟುಂಬಕ್ಕೆ ವರ್ಷಕ್ಕೆ ಮೂರು ಕಂತುಗಳಲ್ಲಿ ಬರುವ ಹಣವು 6,000 ರೂಪಾಯಿ. ಈ ಹಣದಿಂದಲೇ ವಂತಿಗೆಯನ್ನು ಮುರಿದುಕೊಳ್ಳುವಂತೆ ಒಪ್ಪಿಗೆ ಬರೆದುಕೊಡುವುದಕ್ಕೂ ಅವಕಾಶವುಂಟು. ಇದಲ್ಲದೆ 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಂತೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನಿಗದಿಯಾಗಿದೆ. ಮುಪ್ಪಿಗೆಂದು ಅದರಲ್ಲಿ ಹತ್ತರಲ್ಲೊಂದು ಪಾಲನ್ನು ಎತ್ತಿಡುವುದು ಅಸಾಧ್ಯವೇನೂ ಅಲ್ಲ.

ಐದು ಎಕರೆಗೆ ಮೀರಿದ ಹಿಡುವಳಿದಾರರು ತಮಗೆ ಇದು ಸಲ್ಲದೆಂದು ಸುಮ್ಮನಾಗಬೇಕಾಗಿಲ್ಲ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ ಭೂಮಿಯ ಮಿತಿಯಿಲ್ಲ. ಆದಾಯ ತೆರಿಗೆ ಕಟ್ಟುವವರು ಮಾತ್ರ 2022ರ ಅಕ್ಟೋಬರಿನಿಂದ ಹೊಸದಾಗಿ ಸೇರುವಂತಿಲ್ಲ. ಇದಕ್ಕೂ ವಯಸ್ಸಿನ ಮಿತಿ 18ರಿಂದ 40. ತಿಂಗಳಿಗೆ 1,000ದಿಂದ 5,000 ರೂಪಾಯಿಯವರೆಗಿನ ವೇತನವನ್ನು ಆರಿಸಿಕೊಳ್ಳಬಹುದು. ಮೂರು ಸಾವಿರದ ವೇತನಕ್ಕೆ ಇಪ್ಪತ್ತರಲ್ಲಿ ಸೇರಿದವರು ತಿಂಗಳಿಗೆ 150 ರೂಪಾಯಿ, ಮೂವತ್ತರಲ್ಲಿ ಸೇರಿದವರು 347 ರೂಪಾಯಿ ಕಟ್ಟಬೇಕು. ವಂತಿಗೆಯು ಹೆಚ್ಚಾದರೂ ಇದರಲ್ಲಿ ಒಂದು ವಿಶೇಷವುಂಟು: ಗಂಡನ ನಂತರ ಹೆಂಡತಿಗೆ, ಅಥವಾ ಹೆಂಡತಿಯ ನಂತರ ಗಂಡನಿಗೆ, ಅರ್ಧವಲ್ಲದೆ ಪೂರ್ಣ ವೇತನವೇ ಸಲ್ಲುವುದು. ಇಬ್ಬರೂ ತೀರಿದ ಮೇಲೆ ಮೂರು ಸಾವಿರದ ವೇತನಕ್ಕೆ ಸಂಬಂಧಿಸಿದ 5 ಲಕ್ಷ 10 ಸಾವಿರ ರೂಪಾಯಿಯ ನಿಧಿಯು ನಾಮನಿರ್ದೇಶಿತರಾದ ವಾರಸುದಾರರಿಗೆ ಸೇರುವುದು.

ಭೂಮಿಯಿಲ್ಲದ ಕೂಲಿಗಾರರಿಗೂ, ನಮ್ಮ ಮನೆಗಳಲ್ಲಿ ದುಡಿಯುವ ಆಳುಗಳಿಗೂ, ಇದೇ ಪ್ರಮಾಣದ ವಂತಿಗೆಗೆ ಇದೇ 3,000 ರೂಪಾಯಿ ಕೊಡುವ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಯು 2019ರಲ್ಲಿಯೇ ಏರ್ಪಟ್ಟಿತು. ತನ್ನ ಹೊಲದಲ್ಲಿ ಇಪ್ಪತ್ತು ವರ್ಷ ದುಡಿದ ದಂಪತಿಗಳ ವಂತಿಗೆಯ ಭಾರವನ್ನು ಭೂಮಾಲೀಕನು ಸ್ವಲ್ಪ ಹೊತ್ತರೆ, ಅದು ದಾನವಲ್ಲ, ಸಲ್ಲತಕ್ಕ ಬಾಕಿಯೆಂದು ನಾನು ತಿಳಿಯುತ್ತೇನೆ.

ಹೊರದೇಶಗಳ ಉದಾಹರಣೆಯನ್ನು ಕೆಲವರು ಹೇಳುವುದುಂಟು. ಅಮೆರಿಕದಲ್ಲಿ ಹೆಂಡತಿಗೂ ವಿಧವೆಗೂ ವೇತನ ಕೊಡುವ ನಿಯಮವು 1939ರಲ್ಲಿಯೇ ಶಾಸನಕ್ಕೆ ಸೇರಿತು. ಅಲ್ಲಿ ಅರವತ್ತೆರಡನೆಯ ವಯಸ್ಸಿಗೆ ಕೇಳಿದರೆ ಕಡಮೆ, ಎಪ್ಪತ್ತರವರೆಗೆ ತಡೆದು ಕೇಳಿದರೆ ಹೆಚ್ಚು ಸಿಗುವುದು. ಹೆಚ್ಚು ಸಂಪಾದಿಸಿದವರು ತಡೆದರೆ ಹಿಂದುಳಿಯುವ ಸಂಗಾತಿಗೂ ಆ ಹೆಚ್ಚಿನ ಲಾಭವು ದೊರೆಯುವುದು. ಆದುದರಿಂದ ಅಲ್ಲಿನ ದಂಪತಿಗಳು ಕಾಯಬೇಕೇ ಬೇಡವೇ ಎಂದು ಕುಳಿತು ಲೆಕ್ಕ ಹಾಕುವರು. ನಮ್ಮಲ್ಲಿ ಅಂತಹ ಲೆಕ್ಕಕ್ಕೆ ಎಡೆಯೇ ಇಲ್ಲ. ತಡೆದು ಕೇಳಿದವರಿಗೆ ಒಂದು ಕಾಸೂ ಹೆಚ್ಚು ಬರುವುದಿಲ್ಲ. ಕೇಳದೆ ಕಳೆದ ವರ್ಷಗಳ ಬಾಕಿಯೂ ಬರುವುದಿಲ್ಲ. ಅಲ್ಲಿ ಕಾಯುವುದು ಒಮ್ಮೊಮ್ಮೆ ಜಾಣತನ. ಇಲ್ಲಿ ಕಾಯುವುದು ಎಂದಿಗೂ ನಷ್ಟ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ನಮ್ಮ ಹಿರಿಯರ ಮಾತು ಈ ವಿಷಯಕ್ಕೆ ಸರಿಯಾಗಿ ಸಲ್ಲುವುದು.

ಈಗ ನಲವತ್ತು ದಾಟಿದವರ ವಿಚಾರವನ್ನು ಹೇಳುತ್ತೇನೆ. ಬಡ ದಂಪತಿಗಳಿಗೆ ಎರಡನೆಯ ಬಗೆಯ ವೇತನಗಳಿವೆ. 1995ರಲ್ಲಿ ಆರಂಭವಾದ ಕೇಂದ್ರದ ವೃದ್ಧಾಪ್ಯ ವೇತನಕ್ಕೆ 2011ರಿಂದ ಅರವತ್ತು ವರ್ಷ ಸಾಕು. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯು 2007ರಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರು, ವ್ಯವಸಾಯದ ಕೂಲಿಗಾರರು, ನೇಕಾರರು ಮೊದಲಾದವರಲ್ಲಿ ಅರವತ್ತೈದು ತುಂಬಿದವರಿಗಾಗಿ ಏರ್ಪಟ್ಟಿತು. ಇದರ ವೇತನವು 2021ರಲ್ಲಿ ತಿಂಗಳಿಗೆ 1,000ದಿಂದ 1,200 ರೂಪಾಯಿಗೆ ಏರಿತು. ಇದರಲ್ಲಿ ಗಂಡಹೆಂಡಿರ ಆದಾಯವನ್ನು ಕೂಡಿಸಿ ನೋಡುವರು. ಪ್ರಾಯಕ್ಕೆ ಬಂದ ಮಕ್ಕಳ ಸಂಪಾದನೆಯನ್ನು ಹಿಡಿಯತಕ್ಕದ್ದಲ್ಲವೆಂದು ನಿಯಮವಿದೆ. ಮಗನು ಪಟ್ಟಣದಲ್ಲಿ ಸಂಬಳ ತರುತ್ತಾನೆಂಬ ಕಾರಣದಿಂದ ಮುದುಕರು ಅರ್ಜಿಯನ್ನೇ ಹಾಕದಿರುವುದು ತಪ್ಪು ತಿಳಿವಳಿಕೆ. ಅರ್ಜಿಯು ವ್ಯಕ್ತಿಗೆ ಸಂಬಂಧಿಸಿದ್ದು, ಮನೆಗಲ್ಲ; ಗಂಡನಿಗೆ ವಯಸ್ಸು ತುಂಬಿದಾಗ ಗಂಡನೂ, ಹೆಂಡತಿಗೆ ತುಂಬಿದಾಗ ಹೆಂಡತಿಯೂ ನಾಡಕಚೇರಿಯಲ್ಲಿ ಬೇರೆ ಬೇರೆಯಾಗಿ ಕೇಳಬೇಕು. ಆದರೆ ಒಬ್ಬರೇ ಒಂದೇ ಕಾಲದಲ್ಲಿ ಇಂತಹ ಎರಡು ವೇತನಗಳನ್ನು ಪಡೆಯುವಂತಿಲ್ಲ. ಆದುದರಿಂದ ವಿಧವಾ ವೇತನ ಪಡೆಯುವವಳಿಗೆ ಅರವತ್ತೈದು ತುಂಬಿದಾಗ ಯಾವುದು ಲಾಭವೆಂಬುದನ್ನು ಕೇಳಿ ತಿಳಿದು ನಡೆಯುವುದು ಉಚಿತ.

ಭೂಮಿ ಮಾರಿಯೋ ಪರಿಹಾರವಾಗಿಯೋ ದೊಡ್ಡ ಮೊತ್ತ ಪಡೆದ ಅನುಕೂಲಸ್ಥರಿಗೆ ಈ ವೇತನಗಳು ಸಲ್ಲುವುದಿಲ್ಲ, ಸಲ್ಲಲೂ ಬಾರದು. ಅವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯು ತಕ್ಕುದಾಗಿದೆ. ಅರವತ್ತು ತುಂಬಿದವರು ಇದರಲ್ಲಿ ಹಣವಿಟ್ಟು ಮೂರು ತಿಂಗಳಿಗೊಮ್ಮೆ ಬಡ್ಡಿ ಪಡೆಯಬಹುದು. 2023ರ ಏಪ್ರಿಲಿನಿಂದ ಒಬ್ಬರ ಮಿತಿಯು 30 ಲಕ್ಷ ರೂಪಾಯಿಯಾಗಿದೆ. ಬಂದ ಹಣವನ್ನೆಲ್ಲ ಮಕ್ಕಳಿಗೆ ಹಂಚಿ ಕೈ ಬರಿದು ಮಾಡಿಕೊಳ್ಳುವುದಕ್ಕೆ ಮೊದಲು, ಹೆಂಡತಿಗೆ ವಯಸ್ಸು ತುಂಬಿದ್ದರೆ ಅವಳ ಹೆಸರಿನಲ್ಲಿಯೇ ಒಂದು ಪಾಲನ್ನು ಇಡತಕ್ಕದ್ದು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಬರುವ ಮೂರು ಸಾವಿರಕ್ಕೆ ಏನು ಬೆಲೆಯಿರುವುದೆಂದು ಕೇಳುವವರುಂಟು. ಮಾತು ನ್ಯಾಯವಾದುದು. ಬೆಲೆಗಳು ಏರಿದಂತೆ ಈ ವೇತನವು ಏರುವುದೆಂದು ನಿಯಮದಲ್ಲಿಲ್ಲ. ಮಾನ್‌ಧನ್ ಯೋಜನೆಗೆ ಆರಂಭದಲ್ಲಿ ನಲವತ್ತನೆಯ ವಯಸ್ಸಿನಲ್ಲಿ ಸೇರಿದವರಿಗೂ 2039ಕ್ಕೆ ಮೊದಲು ಕೈಗೆ ಹಣ ಬರುವುದಿಲ್ಲ. ಇದರಿಂದಲೇ ಮುಪ್ಪಿನ ಸಂಸಾರವು ಪೂರ್ಣವಾಗಿ ಸಾಗುವುದೆಂದು ನಾನು ಹೇಳಲಾರೆನು. ಆದರೆ ಔಷಧಿಗೆ ಸೊಸೆಯ ಮುಖ ನೋಡಬೇಕಾದ ಮುದುಕಿಗೆ ತಿಂಗಳಿಗೊಮ್ಮೆ ತನ್ನದೇ ಖಾತೆಗೆ ಬೀಳುವ ಹಣವು ಎಷ್ಟು ಚಿಕ್ಕದಾದರೂ ಅವಳ ಮಾತಿಗೆ ಮನೆಯಲ್ಲಿ ತೂಕವನ್ನು ಕೊಡುವುದು. ಮಕ್ಕಳು ನೋಡಿಕೊಳ್ಳುತ್ತಾರೆಂಬುದು ಎರಡನೆಯ ಆಕ್ಷೇಪಣೆ. ನೋಡಿಕೊಳ್ಳಲಿ, ನೋಡಿಕೊಳ್ಳುವವರು ಬಹು ಮಂದಿ ಇದ್ದಾರೆ. ಆದರೂ ತಂದೆತಾಯಿಗಳ ಪೋಷಣೆಗಾಗಿ 2007ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಗಿ ಬಂದಿತೆಂಬುದನ್ನು ಮರೆಯಬಾರದು.

ಗ್ರಾಮದ ಮುಖಂಡರಲ್ಲಿ ನನ್ನ ಬಿನ್ನಹವಿಷ್ಟೆ. ಮೊದಲನೆಯದಾಗಿ, ತಾತನ ಹೆಸರಿನಲ್ಲಿಯೇ ನಿಂತಿರುವ ಪಹಣಿಗಳನ್ನು ಪೌತಿ ಖಾತೆ ಮಾಡಿಸಿ ಉಳುವವರ ಹೆಸರಿಗೆ ತರಿಸಿರಿ. ದಾಖಲೆಯಲ್ಲಿ ಹೆಸರಿಲ್ಲದ ರೈತನನ್ನು ಯಾವ ಯೋಜನೆಯೂ ಗುರುತಿಸುವುದಿಲ್ಲ. ಎರಡನೆಯದಾಗಿ, ಮದುವೆಯಾಗಿ ಬಂದ ಸೊಸೆಯಂದಿರ ಶಾಲೆಯ ದಾಖಲೆಗೂ ಆಧಾರ್ ಚೀಟಿಗೂ ವಯಸ್ಸು ತಾಳೆಯಾಗಿದೆಯೇ ಎಂದು ಮೊದಲ ವರ್ಷದಲ್ಲಿಯೇ ನೋಡಿಸಿರಿ. ಮೂರನೆಯದಾಗಿ, ಸಾವುಂಟಾದ ಮನೆಯಲ್ಲಿ ದುಃಖದ ನಡುವೆಯೂ 21 ದಿನಗಳೊಳಗೆ ಮರಣದ ನೋಂದಣಿಯನ್ನು ಮಾಡಿಸಿಕೊಡಿರಿ. ಕುಟುಂಬ ವೇತನಕ್ಕೂ ವಿಧವಾ ವೇತನಕ್ಕೂ ಖಾತೆಯ ಬದಲಾವಣೆಗೂ ಅದೇ ಮೊದಲ ಕಾಗದ. ನಾಲ್ಕನೆಯದಾಗಿ, ಊರಿನಲ್ಲಿ ಒಂದು ಪುಸ್ತಕವಿಟ್ಟು ಮೂವತ್ತೈದು ದಾಟಿದ ಗಂಡಸರ ಮತ್ತು ಹೆಂಗಸರ ಹೆಸರನ್ನೂ, ಅರವತ್ತು ಸಮೀಪಿಸಿದವರ ಹೆಸರನ್ನೂ ಬರೆದುಕೊಳ್ಳಿರಿ. ಮೊದಲನೆಯವರಿಗೆ ಬಾಗಿಲು ಮುಚ್ಚುವ ಕಾಲ, ಎರಡನೆಯವರಿಗೆ ತೆರೆಯುವ ಕಾಲ.

ಹೆಸರು ಬರೆಸುವುದಕ್ಕೆ ಆಧಾರ್ ಚೀಟಿಯೂ ಬ್ಯಾಂಕಿನ ಉಳಿತಾಯ ಖಾತೆಯೂ ಬೇಕು. ಮಾನ್‌ಧನ್ ಯೋಜನೆಗೆ ಸಾಮಾನ್ಯ ಸೇವಾ ಕೇಂದ್ರದಲ್ಲಿಯೂ, ಅಟಲ್ ಪಿಂಚಣಿಗೆ ಬ್ಯಾಂಕಿನಲ್ಲಿಯೂ ಅಂಚೆ ಕಚೇರಿಯಲ್ಲಿಯೂ ಬರೆಸಬಹುದು. ಸಂದೇಹವಿದ್ದವರು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬಂದು ಕೇಳಬಹುದು. ಮುಂದಿನ ಸಲ ನಿಮ್ಮ ಊರಿನಲ್ಲಿ ಇಂತಹ ನೋಂದಣಿಯು ನಡೆದಾಗ, ಗಂಡನ ಪಕ್ಕದಲ್ಲಿ ಕಾಗದದ ಚೀಲ ಹಿಡಿದು ನಿಂತಿರುವ ಹೆಂಗಸನ್ನು ಕಂಡರೆ, ಆಕೆಯು ಕೇಳುವವರೆಗೂ ಕಾಯದೆ ನೀವೇ ಆಕೆಯ ವಯಸ್ಸನ್ನು ಕೇಳಿರಿ. ನಾನು ಅಂದು ಕೇಳಲಿಲ್ಲ.